ಜನರೇಟರಿನವರ ಕೊಂಡಿ

ಅವರು ಹೋಗದ ಮದುವೆಮನೆ ನಮ್ಮ ಕಡೆ ಕಡಿಮೆ. ಮದುವೆಮನೆಯಲ್ಲಿ ಅವರನ್ನು ಕಂಡವರು ಇನ್ನೂ ಕಡಿಮೆ. ಚಪ್ಪರದಿಂದ ಇನ್ನೂರು ಅಡಿ ಆಚೆ, ಕೊಟ್ಟಿಗೆಯ ಹಿಂದೆಯೋ ಹುಲ್ಲುಕುತ್ರಿಯ ಮರೆಯಲ್ಲೋ ಒಂದು ಹಳೆಯ ಜೀಪು ನಿಂತಿರುತ್ತಿತ್ತು. ಜೀಪಿನ ಹಿಂದೆ ಎರಡು ಚಕ್ರದ ಟ್ರೈಲರ್, ಟ್ರೈಲರಿನ ಮೇಲೆ ಡೀಸೆಲ್ ಜನರೇಟರ್. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಅವರು ಕೂತಿರುತ್ತಿದ್ದರು. ಸದ್ದು ಮದುವೆಗೆ ಕೇಳಬಾರದು ಎಂದು ಜನರೇಟರನ್ನು ದೂರ ಇಡುತ್ತಾರೆ. ಜನರೇಟರಿನ ಜೊತೆ ಅವರೂ ದೂರ ಹೋಗುತ್ತಿದ್ದರು, ಅಷ್ಟೆ.

ನಾನು ಬ್ರಹ್ಮಾವರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಒಳಗಿನ ಊರುಗಳ ಕಾರ್ಯಕ್ರಮಗಳಿಗೆ ಅವರ ಜೀಪಿನಲ್ಲೇ ನನ್ನ ಸಾಮಾನು ಹಾಕಿಕೊಂಡು ಹದಿನಾಲ್ಕು ವರ್ಷ ಓಡಾಡಿದೆ. ಅವರು ನನ್ನನ್ನು ‘ಮೈಕ್‌ನವ್ರೆ’ ಎಂದು ಕರೆಯುತ್ತಿದ್ದರು. ನಾನು ‘ಹ್ವಾಯ್’ ಎನ್ನುತ್ತಿದ್ದೆ. ಊರಿಗೆಲ್ಲ ಅವರು ಜನರೇಟರಿನವರು. ಹೆಸರು ಇತ್ತು, ನನಗೆ ಗೊತ್ತೂ ಇತ್ತು. ಆದರೆ ಯಾರೂ ಕರೆಯದ ಹೆಸರನ್ನು ಈಗ ಇಲ್ಲಿ ಬರೆದರೆ ಅವರಿಗೇ ಅದು ಯಾರದ್ದೋ ಅನ್ನಿಸೀತು.

ಮೊದಲ ವರ್ಷದ ಒಂದು ಮಧ್ಯಾಹ್ನ ಊಟದ ಪಂಕ್ತಿ ಎದ್ದ ಮೇಲೆ ಅವರು ಎಲ್ಲೂ ಕಾಣಲಿಲ್ಲ ಎಂದು ನೆನಪಾಗಿ ಹುಡುಕಿಕೊಂಡು ಹೋದೆ. ಸ್ಟೀಲಿನ ಡಬ್ಬದಿಂದ ಬೆಲ್ಲ ಕಲಸಿದ ಅವಲಕ್ಕಿ ತಿನ್ನುತ್ತಿದ್ದರು.

“ಮದಿ ಮನಿ ಊಟ ಇಪ್ಪತಿಗೆ ಇದೆಂತಕೆ ಮಾರಾಯ್ರೆ?” ಎಂದು ಅವರ ಕಿವಿಯ ಹತ್ತಿರ ಕೂಗಿದೆ.

“ಅವ್ರಿಗೆ ಮರ್ತ್ ಹೋತ್,” ಎಂದರು. “ಮರ್ತ್ರೇ ಒಳ್ಳೇದ್. ಜನ್ರೇಟರ್ ನೆನ್ಪಾಯ್ತ್ ಅಂದ್ರೆ ಕರೆಂಟ್ ಹೋಯ್ತ್ ಅಂತ್ಲೆ ಅರ್ಥ ಅಲ್ದಾ?”

ಅಂದಿನಿಂದ ಎಲ್ಲೇ ಹೋದರೂ ಒಂದು ಎಲೆಯಲ್ಲಿ ಊಟ ಕಟ್ಟಿಸಿಕೊಂಡು ಹೋಗಿ ಕೊಡುವುದನ್ನು ನಾನು ರೂಢಿ ಮಾಡಿಕೊಂಡೆ. ಆದರೂ ಅವರು ಅವಲಕ್ಕಿಯ ಡಬ್ಬ ತರುವುದನ್ನು ಬಿಡಲಿಲ್ಲ.

ಚಿಕ್ಕಂದಿನಲ್ಲೇ ಮುಂಬಯಿಗೆ ಹೋಗಿ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಆಮೇಲೆ ಒಂದು ಜನರೇಟರ್ ರಿಪೇರಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಬಂದವರು. ಕಿವಿ ಅಲ್ಲೇ ಹೋಗಿತ್ತು. ಪೂರ್ತಿ ಹೋಗಿರಲಿಲ್ಲ. ಎದುರು ನಿಂತು ಗಟ್ಟಿಯಾಗಿ ಹೇಳಿದರೆ ಸ್ವಲ್ಪ ಕೇಳಿಸಿಕೊಂಡು, ಸ್ವಲ್ಪ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಹತ್ತು ಜನ ಕೂತು ಮಾತಾಡುವ ಕಡೆ ಅವರಿಗೆ ಏನೂ ಸಿಗುತ್ತಿರಲಿಲ್ಲ. ಎಲ್ಲರೂ ನಕ್ಕಾಗ ಒಂದು ಗಳಿಗೆ ತಡವಾಗಿ ನಗುತ್ತಿದ್ದರು. ಆಮೇಲೆ ಹತ್ತು ಜನ ಸೇರುವಲ್ಲಿಗೆ ಹೋಗುವುದನ್ನೇ ಬಿಟ್ಟರು.

ಕಿವಿಯ ಕೆಲಸವನ್ನು ಅವರ ಅಂಗೈ ಮಾಡುತ್ತಿತ್ತು. ನನ್ನ ಸ್ಪೀಕರ್ ಡಬ್ಬದ ಮೇಲೆ ಕೈ ಇಟ್ಟು, “ಈಗ ನಾದಸ್ವರ,” “ಈಗ ಪುರೋಹಿತ್ರ್,” ಎಂದು ಹೇಳುತ್ತಿದ್ದರು. ತಪ್ಪುತ್ತಿದ್ದದ್ದು ಅಪರೂಪ. ಒಮ್ಮೆ ಒಂದು ಭಾಷಣ ನಡೆಯುತ್ತಿದ್ದಾಗ ಕೈ ಇಟ್ಟು, “ಈ ಮನ್ಷ ಸುಳ್ಳ್ ಹೇಳ್ತಾ ಇದ್ದ,” ಎಂದು ಗಂಭೀರವಾಗಿ ಹೇಳಿದರು. ನಾನು ನಕ್ಕು ನಕ್ಕು ಆಂಪ್ಲಿಫೈಯರಿನ ಮೇಲೆ ಬಿದ್ದಿದ್ದೆ.

ಮದುವೆ ಯಾಕೆ ಆಗಲಿಲ್ಲ ಎಂದು ನಾನು ಕೇಳಿದ್ದು ಒಂದೇ ಸಲ. “ಸಾವಿರ ಮದಿ ಕಂಡಾಯ್ತ್, ಸಾಕಲ್ದಾ?” ಎಂದು ಜೀಪಿನ ಬಾನೆಟ್ಟು ಎತ್ತಿದರು. ಬಸ್ರೂರಿನಲ್ಲಿ ಹೊಳೆಯ ಹತ್ತಿರ ಒಂದು ಹಳೆಯ ದಾಸ್ತಾನು ಕಟ್ಟಡದ ಹಿಂಬದಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ಒಂದು ಮಂಚ, ಒಂದು ಒಲೆ, ಗೋಡೆಯಲ್ಲಿ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಉಪ್ಪುಂದದಲ್ಲಿ ತಂಗಿಯ ಮಗಳು ಇದ್ದಳು. ವರ್ಷಕ್ಕೆ ಒಂದು ಸಲ ಹೋಗಿ ಬರುತ್ತಿದ್ದರು. ಹೋದ ದಿನವೇ ವಾಪಸು.

ಊರಿನ ಛತ್ರಗಳಲ್ಲಿ ಛತ್ರದವರದ್ದೇ ಜನರೇಟರ್ ಇರುತ್ತದೆ. ಇವರನ್ನು ಕರೆಯುತ್ತಿದ್ದದ್ದು ಡಾಂಬರು ಮುಗಿದು ಇನ್ನೂ ಮುಂದೆ ಇರುವ ಮನೆಗಳವರು. ಗದ್ದೆಯ ಅಂಚು, ಮುರಕಲ್ಲು ಕಡಿಯುವ ಕೋರೆಗೆ ಲಾರಿ ಹೋಗಿ ಹೋಗಿ ಎದ್ದ ದಾರಿ, ತೋಡು, ಗುಡ್ಡ. ಅಂಥ ದಾರಿಯಲ್ಲಿ ಜೀಪಿಗಿಂತ, ಜನರೇಟರಿಗಿಂತ, ಎರಡನ್ನೂ ಜೋಡಿಸುವ ಕೊಂಡಿ ಮುಖ್ಯ ಎಂಬುದು ನನಗೆ ಗೊತ್ತಾದದ್ದು ತಡವಾಗಿ.

ಆ ದಿನ ಕೊಕ್ಕರ್ಣೆಯಿಂದ ಇನ್ನೂ ಒಳಗೆ ಒಂದು ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತು. ಒಂದು ಸಣ್ಣ ತೋಡು ದಾಟಿ, ಎದುರಿನ ದರೆಯ ದಿಬ್ಬ ಹತ್ತಿದರೆ ಆಚೆ ಇಳಿಜಾರಿನಲ್ಲಿ ಮನೆ. ಏರಿನಲ್ಲಿ ಗಾಡಿ ನಿಂತರೆ ಚಕ್ರಕ್ಕೆ ಕೊಡಲೆಂದು ನಾನು ಒಂದು ಕಲ್ಲು ಹಿಡಿದುಕೊಂಡು ಟ್ರೈಲರಿನ ಹಿಂದೆ ನಡೆಯುತ್ತಿದ್ದೆ. ಜೀಪು ದರೆಯ ತಲೆ ಹತ್ತಿ ಆಚೆಗೆ ಮೂತಿ ಬಗ್ಗಿಸಿತು. ಟ್ರೈಲರ್ ಇನ್ನೂ ಈಚೆಯ ಏರಿನಲ್ಲೇ ಇತ್ತು. ಟಣ್ ಎಂದು ಒಂದು ಸದ್ದು. ಕೊಂಡಿ ಹಾರಿತು. ಅಷ್ಟು ಭಾರದ ಟ್ರೈಲರ್ ನನ್ನ ಕಡೆಗೆ ಉರುಳಿ ಬಂತು. ಕಲ್ಲು ಬಿಸಾಕಿ ಬದಿಗೆ ಹಾರಿದೆ. ಮೈ ತಪ್ಪಿಸಿಕೊಂಡಿತು, ಎಡಗಾಲಿನ ಪಾದ ತಪ್ಪಿಸಿಕೊಳ್ಳಲಿಲ್ಲ. ಟ್ರೈಲರ್ ಹೋಗಿ ತೋಡಿನಲ್ಲಿ ಕೂತಿತು.

ಜೀಪಿನಲ್ಲಿದ್ದ ಅವರಿಗೆ ಸದ್ದು ಕೇಳಿಸಿರಲಿಲ್ಲ. ಆದರೆ ಭಾರ ತಪ್ಪಿದ್ದು ಅವರ ಸೀಟಿಗೆ ಗೊತ್ತಾಗಿತ್ತು. ಇಳಿದು ಓಡಿ ಬಂದರು. ನನ್ನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ದರೆ ಹತ್ತಿದರು. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ! ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಅವರಿಗೆ ಕೇಳಲಿಲ್ಲ. ನರ್ಸಿನ ಹಿಂದೆಯೇ ತಿರುಗಿ, ಮಾತ್ರೆಯ ಚೀಟಿಯ ಹಿಂಬದಿಯಲ್ಲಿ ಬರೆಸಿಕೊಂಡರು: ‘ಎಲುಬು ಎರಡು ಕಡೆ ಮುರಿದಿದೆ. ನಡೆಯಬಹುದು. ಸಮಯ ಬೇಕು.’ ಆ ಚೀಟಿ ಬಹಳ ದಿನ ಅವರ ಅಂಗಿಯ ಕಿಸೆಯಲ್ಲಿತ್ತು. ಜನರೇಟರ್ ಎರಡು ದಿನ ತೋಡಿನ ನೀರಿನಲ್ಲೇ ಇತ್ತು. ಅದನ್ನು ತರಲು ಅವರು ಹೋದದ್ದು ನನಗೆ ಪ್ಲಾಸ್ಟರ್ ಹಾಕಿ ಮನೆಗೆ ಬಿಟ್ಟ ಮೇಲೆಯೇ.

ಇಲ್ಲಿ ಒಂದು ಮಾತು ಹೇಳಬೇಕು. ಕೊಂಡಿ ತಪ್ಪಿದರೂ ಟ್ರೈಲರ್ ಬಿಟ್ಟುಹೋಗದಂತೆ ಹಿಡಿಯಲು ಅಡಿಯಲ್ಲಿ ಒಂದು ಸರಪಳಿ ಇರುತ್ತದೆ. ಅದನ್ನು ಸಿಕ್ಕಿಸುವುದು ನನ್ನ ಕೆಲಸ ಆಗಿತ್ತು. ಅವರು ಕೊಂಡಿ ಹಾಕುವುದು, ನಾನು ಬಗ್ಗಿ ಸರಪಳಿ ಸಿಕ್ಕಿಸುವುದು, ಇದು ಎಷ್ಟೋ ವರ್ಷದ ಕ್ರಮ. ಆ ಬೆಳಿಗ್ಗೆ ಫೋನಿನಲ್ಲಿ ಯಾರ ಹತ್ತಿರವೋ ಮಾತಾಡುತ್ತಾ ನಾನು ಅದನ್ನು ಮರೆತೆ. ಟ್ರೈಲರ್ ಉರುಳುವಾಗ ಸರಪಳಿ ಸುಮ್ಮನೆ ನೆಲಕ್ಕೆ ಎಳೆಯುತ್ತಾ ಬಂದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಅವರೂ ನೋಡಿರಬೇಕು. ನೋಡದೆ ಇರಲು ಸಾಧ್ಯವೇ ಇಲ್ಲ. ಒಂದು ದಿನವೂ ಅದರ ಮಾತು ಎತ್ತಲಿಲ್ಲ. ಕೇಳಿದವರಿಗೆಲ್ಲ, “ಕೊಂಡಿ ಸರಿ ಇರ್ಲಿಲ್ಲೆ. ತಪ್ಪ್ ನಂದೇ,” ಎಂದರು. ನಾನು ಸುಮ್ಮನಿದ್ದೆ.

ಪ್ಲಾಸ್ಟರ್ ಹಾಕಿಕೊಂಡು ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತ ಮೊದಲ ಭಾನುವಾರ ಅವರು ಬಂದರು. ಹನ್ನೊಂದು ವರ್ಷದಲ್ಲಿ ನನ್ನ ಮನೆಯ ಒಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಅದುವರೆಗೆ ಗೇಟಿನ ಹೊರಗೆ ಜೀಪು ನಿಲ್ಲಿಸಿ ಹಾರ್ನ್ ಹಾಕುವುದಷ್ಟೆ. ಒಗೆದ ಬಿಳಿ ಪಂಚೆ, ಇಸ್ತ್ರಿ ಅಂಗಿ. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಆ ಹಳೆಯ ಕೊಂಡಿ.

“ಹೊಸ ಕೊಂಡಿ ಹಾಕ್ಕ್,” ಎಂದರು. “ಯಾವ್ದ್ ಅಂತ ನೀವ್ ಹೇಳ್ಕ್. ನೀವ್ ಹೂಂ ಅಂದ್ರೆ ಮಾತ್ರ ಹಾಕ್ತೆ.”

“ನಂಗೆಂತ ಗೊತ್ತಿತ್ತ್ ಅದ್ರದ್ದ್?”

“ಗೊತ್ತ್ ಮಾಡ್ಸ್ತೆ.”

ನನ್ನ ಹೆಂಡತಿ ಗುಲಾಬಿಯನ್ನು ಕರೆದು ಅರ್ಧ ತೆಂಗಿನ ಗೆರಟೆ, ಒಂದು ಲಿಂಬೆಹಣ್ಣು ಕೇಳಿದರು. ಲಿಂಬೆಹಣ್ಣಿನ ಮೇಲೆ ಗೆರಟೆ ಕವಿಚಿ ಜಗಲಿಯ ಮೇಲೆ ಇಟ್ಟರು. ನಮ್ಮ ಹಳೆಯ ಕೊಂಡಿ ಹಾಗೆಯೇ ಇತ್ತು: ಜೀಪಿನ ಕಡೆ ಕಬ್ಬಿಣದ ಗುಂಡು, ಟ್ರೈಲರಿನ ಕಡೆ ಅದರ ಮೇಲೆ ಕೂರುವ ಬಟ್ಟಲು.

“ಕಾಣಿ ಮೈಕ್‌ನವ್ರೆ. ಡಾಂಬರ್ ರಸ್ತಿಯಗೆ ಇದ್ರಂಥದ್ದ್ ಇಲ್ಲೆ. ಚೂರ್ ಶಬ್ದ ಇಲ್ಲೆ, ಬೆಣ್ಣಿ ಕಣೆಂಗೆ ತಿರ್ಗ್ತ್. ಆರೆ ದರಿ ಹತ್ತಿ ಹೀಂಗೆ ಬಗ್ಗಿರೆ...” ಎಂದು ಗೆರಟೆಯನ್ನು ವಾಲಿಸಿದರು. ಗೆರಟೆಯ ಅಂಚು ನೆಲಕ್ಕೆ ತಾಗಿತು. ಇನ್ನೂ ವಾಲಿಸಿದರು. ಲಿಂಬೆಹಣ್ಣು ಪುಸಕ್ಕನೆ ಹೊರಗೆ ಹಾರಿ ಅಂಗಳಕ್ಕೆ ಉರುಳಿತು. “ಹೀಂಗೆ ಆದ್ದ್.”

ಗುಲಾಬಿ ಹೋಗಿ ಲಿಂಬೆಹಣ್ಣು ಹೆಕ್ಕಿ ತಂದಳು. ಆ ಹಣ್ಣಿನಲ್ಲೇ ಶರಬತ್ತು ಮಾಡಿ ಕೊಟ್ಟಳು.

ಮುಂದಿನ ಭಾನುವಾರ ಟ್ರ್ಯಾಕ್ಟರಿನದ್ದು ತಂದರು. ಎರಡು ದಪ್ಪ ತಗಡಿನ ನಡುವೆ ಟ್ರೈಲರಿನ ತೂತು ಇಟ್ಟು ಮೇಲಿಂದ ಪಿನ್ನು ಇಳಿಸುವುದು. ಗದ್ದೆಗೆ ಸರಿ, ಎಡಬಲ ಚೆನ್ನಾಗಿ ತಿರುಗುತ್ತದೆ, ಆದರೆ ಟ್ರೈಲರ್ ಒಂದು ಬದಿಗೆ ವಾಲಿದರೆ ಪಿನ್ನು ತಿರುಚಿಕೊಳ್ಳುತ್ತದೆ ಎಂದು ಅವರೇ ಹೇಳಿ ಅವರೇ ಬದಿಗೆ ಇಟ್ಟರು. ಅದರ ಮುಂದಿನ ವಾರ ಗುಜರಿಯಿಂದ ಹುಡುಕಿದ್ದು ಒಂದು ದೊಡ್ಡ ಕೊಕ್ಕೆ, ಅದರ ಬಾಯಿ ಮುಚ್ಚಲು ಮೇಲಿಂದ ಬೀಳುವ ನಾಲಿಗೆ. ಟ್ರೈಲರಿನ ಕಡೆ ದಪ್ಪ ಕಬ್ಬಿಣದ ಬಳೆ. ಗುಲಾಬಿಯ ಒಂದು ಹಳೆಯ ಬಳೆ ಇಸಿದುಕೊಂಡು, ಬಗ್ಗಿಸಿದ ತೋರುಬೆರಳಿಗೆ ಸಿಕ್ಕಿಸಿ ತೋರಿಸಿದರು. ಬಳೆ ಮೇಲೆ, ಕೆಳಗೆ, ಓರೆ, ಎಲ್ಲಿಗೂ ಹೋಗುತ್ತಿತ್ತು. ಬೆರಳು ಬಿಡುತ್ತಿರಲಿಲ್ಲ.

“ಆರೆ ಇದ್ರಗೆ ಸಡ್ಲ ಇತ್ತ್. ರಸ್ತಿ ಇಡೀ ಟಕ್ ಟಕ್ ಅಂತ್,” ಎಂದರು.

“ಆ ಟಕ್ ಟಕ್ ಕೇಂಡ್ಕಂಡ್ ನಾನ್ ಕೂಕಂಬುದಾ?” ಎಂದು ನಾನು ಕೂಗಿದೆ. ಒಳ್ಳೆಯ ಸದ್ದು ಮಾರಿ ಬದುಕುವವನು ನಾನು.

“ನಂಗೆ ಕೇಂತಿಲ್ಲೆ,” ಎಂದರು ಅವರು.

ಮೂವರೂ ನಕ್ಕೆವು. ಆ ದಿನ ಅವರು ತಡವಾಗಿ ನಗಲಿಲ್ಲ.

ನಾಲ್ಕನೆಯದೋ ಐದನೆಯದೋ ಭಾನುವಾರ ತಂದದ್ದು ಅದೇ ಬಳೆಯ ಇನ್ನೊಂದು ರೂಪ. ಬಳೆಗೆ ಹಿಂದಿನಿಂದ ಒಂದು ದಪ್ಪ ಸರಳು ಬೆಸೆದು, ಆ ಸರಳು ಒಂದು ಕೊಳವೆಯ ಒಳಗೆ ತಿರುಗುವಂತೆ ಮಾಡಿದ್ದರು. ಟ್ರೈಲರ್ ಪೂರ್ತಿ ಮಗುಚಿದರೂ ಸರಳು ಸುಮ್ಮನೆ ತಿರುಗುತ್ತದೆ, ಜೀಪನ್ನು ಎಳೆದು ಬೀಳಿಸುವುದಿಲ್ಲ. ಬಸ್ರೂರಿನ ವೆಲ್ಡಿಂಗ್ ಅಂಗಡಿಯ ಸಂಜೀವಣ್ಣನ ಹತ್ತಿರ ಮಾಡಿಸಿದ್ದು ಎಂದರು. ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ತೋರಿಸುವಾಗ ಅವರ ಮುಖ ನೋಡಬೇಕಿತ್ತು.

ಇದೇ ಸರಿ ಎಂದು ನನಗೂ ಅನ್ನಿಸಿತ್ತು. ಆದರೂ ಹೂಂ ಎನ್ನಲಿಲ್ಲ. ಸದ್ದು ಎಂದೆ. ಭಾರ ಎಂದೆ. ಕೊಳವೆಗೆ ಮಣ್ಣು ಹೋದರೆ ಎಂದೆ. ಕಾಲು ಚಾಚಿ ಕೂತವನಿಗೆ ಬೇರೆ ಯಾವುದೂ ಕೈಯಲ್ಲಿರಲಿಲ್ಲ. ಸೀಸನ್ ನನ್ನ ಎದುರೇ ಮುಗಿಯುತ್ತಿತ್ತು, ನನ್ನ ಗಿರಾಕಿಗಳು ಬೇರೆಯವರನ್ನು ಕರೆಯುತ್ತಿದ್ದರು. ಹೂಂ ಅನ್ನದೆ ಇರುವುದೊಂದೇ ನನ್ನ ವಶದಲ್ಲಿತ್ತು. ಒಬ್ಬರು ಪ್ರತಿ ವಾರ ಬಂದು ಎದುರು ಕೂತು ನನ್ನ ಮಾತಿಗೆ ಕಾಯುತ್ತಾರೆ ಎಂಬುದರಲ್ಲಿ ಒಂದು ಸಣ್ಣ ಸುಖ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಆತ್, ಇನ್ನೊಂದ್ ಕಾಂಬ,” ಎನ್ನುತ್ತಿದ್ದರು. ಮುಂದಿನ ವಾರ ಮತ್ತೆ ಚೀಲ. ಒಂದರ ಬಳೆ ಸಣ್ಣದು ಎನ್ನುವರು, ಇನ್ನೊಂದರ ಸರಳು ಉದ್ದ ಎನ್ನುವರು. ಹತ್ತು ನಿಮಿಷ ಕೊಂಡಿಯ ಮಾತು. ಆಮೇಲೆ ಚಾ, ಗುಲಾಬಿ ಮಾಡಿದ ಏನಾದರೂ ತಿಂಡಿ. ಅವಳು ಅವರ ಎದುರು ಕೂತು ನಿಧಾನವಾಗಿ, ತುಟಿ ಕಾಣುವ ಹಾಗೆ ಮಾತಾಡುವುದನ್ನು ಕಲಿತುಬಿಟ್ಟಿದ್ದಳು. ಅವಳಿಗೆ ಅವರು ಮುಂಬಯಿಯ ಕ್ಯಾಂಟೀನಿನ ಕಥೆ ಹೇಳುತ್ತಿದ್ದರು. ಒಂದು ಕೋಣೆಯಲ್ಲಿ ಇಪ್ಪತ್ತೆರಡು ಜನ ಮಲಗುತ್ತಿದ್ದರಂತೆ, ಒಬ್ಬ ಮಗ್ಗುಲಾದರೆ ಎಲ್ಲರೂ ಮಗ್ಗುಲಾಗಬೇಕಿತ್ತಂತೆ. ನನಗೆ ಜೀಪಿನಲ್ಲಿ ಹನ್ನೊಂದು ವರ್ಷದಲ್ಲಿ ಹೇಳದ್ದನ್ನೆಲ್ಲ ಅವಳಿಗೆ ಹೇಳಿದರು. ನಾನು ಕೇಳಿಯೂ ಕೇಳದವನ ಹಾಗೆ ಇರುತ್ತಿದ್ದೆ. ಹೊರಡುವಾಗ ಅಂಗಳದ ನಳ್ಳಿಯಲ್ಲಿ ಲೋಟ ತೊಳೆದು ಕವಿಚಿ ಇಟ್ಟು, “ಬತ್ತೆ ತಂಗಿ,” ಎನ್ನುವರು. “ಬನ್ನಿ ಅಣ್ಣಯ್ಯ,” ಎನ್ನುವಳು ಗುಲಾಬಿ. ಹೀಗೆ ನಾಲ್ಕೈದು ತಿಂಗಳು ಹೋಯಿತು.

ಪ್ಲಾಸ್ಟರ್ ಆಗಲೇ ತೆಗೆದಾಗಿತ್ತು. ಕೋಲು ಹಿಡಿದು ನಡೆಯುತ್ತಿದ್ದೆ. ಪಾದ ಮೊದಲಿನ ಹಾಗೆ ಬಗ್ಗುವುದಿಲ್ಲ, ಇನ್ನು ಇಷ್ಟೇ ಎಂದು ಡಾಕ್ಟರು ಒಂದು ಶುಕ್ರವಾರ ಹೇಳಿದರು. ಆ ಭಾನುವಾರ ಅವರು ಎಂದಿನಂತೆ ಬಂದು, ಕೂತು, ಚೀಲದ ಬಾಯಿ ಬಿಚ್ಚಿದರು.

“ಈ ಸಲದ್ದ್ ಕಾಣಿ...”

ನನಗೆ ಏನಾಯಿತೋ. “ಕೊಂಡಿ, ಕೊಂಡಿ, ಕೊಂಡಿ!” ಎಂದೆ. “ನೀವ್ ಯಾವ ಕೊಂಡಿ ಹಾಕಿರೆ ನನ್ನ ಕಾಲ್ ಬತ್ತ್? ಯಾವ್ದಾರೂ ಹಾಕ್ಕಣಿ. ಇನ್ನ್ ನನ್ನ ಕೇಂಬುದ್ ಬೇಡ.”

ಗುಲಾಬಿ ಚಾ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟಳು. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎಷ್ಟು ಕೇಳಿತು, ಎಷ್ಟು ತಿಳಿಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಚೀಲದ ಬಾಯಿ ಮತ್ತೆ ಕಟ್ಟಿದರು. ಅವಳ ಕೈಯಿಂದ ಚಾ ತೆಗೆದುಕೊಂಡು ಪೂರ್ತಿ ಕುಡಿದರು. ಲೋಟ ತೊಳೆದು ಕವಿಚಿ ಇಟ್ಟರು. “ಬತ್ತೆ ತಂಗಿ,” ಎಂದರು.

ಸರಪಳಿ ಸಿಕ್ಕಿಸದವನು ನಾನು. ಆ ಮಾತು ಆಡಿದವನೂ ನಾನು.

ಮುಂದಿನ ಭಾನುವಾರ ಅವರು ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಗುರವೇ ಆಯಿತು. ಆ ವಾರದ ನಡುವೆ ಫೋನಿಗೆ ಒಂದು ಫೋಟೋ ಬಂತು: ಜೀಪಿನ ಹಿಂದೆ ಕೊಕ್ಕೆ, ಕೊಕ್ಕೆಯಲ್ಲಿ ಬಳೆ, ಬಳೆಯ ಹಿಂದೆ ತಿರುಗುವ ಸರಳು. ಮಾತು ಒಂದೂ ಇರಲಿಲ್ಲ. ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದೆ. ಹೂಂ ಎಂದು ಹೇಳಿದ್ದು ಹಾಗೆ.

ಮುಂದಿನ ಸೀಸನ್‌ನಲ್ಲಿ ಮತ್ತೆ ಅವರ ಜೀಪು ಹತ್ತಿದೆ. ಅವರು ಎಂದಿನಂತೆ ಗೇಟಿನ ಹೊರಗೆ ಹಾರ್ನ್ ಹಾಕುತ್ತಿದ್ದರು. ಗುಲಾಬಿ ಹೊರಗೆ ಬಂದು, “ಒಳ್ಗೆ ಬನ್ನಿ ಅಣ್ಣಯ್ಯ, ಚಾ ಕುಡ್ಕಂಡ್ ಹೋಯ್ನಿ,” ಎಂದು ಕರೆದರೆ ಕೈ ಎತ್ತಿ, “ತಡ ಆಯ್ತ್ ತಂಗಿ,” ಎನ್ನುತ್ತಿದ್ದರು. ತಡ ಆಗಿರುತ್ತಿರಲಿಲ್ಲ.

ಹೊಸ ಕೊಂಡಿ ರಸ್ತೆ ಉದ್ದಕ್ಕೂ ಟಕ್ ಟಕ್ ಎನ್ನುತ್ತಿತ್ತು. ನಾನು ಆ ಬಗ್ಗೆ ಏನೂ ಹೇಳಲಿಲ್ಲ.

ಬೈಂದೂರಿನ ಒಳಗೆ ಒಂದು ಗುಡ್ಡದ ಮೇಲಿನ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗುವಾಗ ಆ ಕೊಂಡಿಯ ಪರೀಕ್ಷೆ ಆಯಿತು. ಮಧ್ಯಾಹ್ನದ ಹೊತ್ತು. ದಾರಿಯ ಒಂದು ಬದಿ ಕುಸಿದು ಟ್ರೈಲರಿನ ಎಡಚಕ್ರ ಜಾರಿತು. ನಾನು ಜೀಪಿನ ಒಳಗಿದ್ದೆ. ಹಿಂದೆ ತಿರುಗಿ ನೋಡುವಷ್ಟರಲ್ಲಿ ಜನರೇಟರ್ ಸಮೇತ ಟ್ರೈಲರ್ ಮಗುಚಿ, ಚಕ್ರ ಮೇಲೆ ಮಾಡಿ ಕುಸಿದ ಅಂಚಿನಲ್ಲಿ ನಿಂತಿತು. ಜೀಪು ಒಮ್ಮೆ ಕೊಸರಿತು. ಅಷ್ಟೇ. ನಾಲ್ಕೂ ಚಕ್ರ ನೆಲದ ಮೇಲೇ ಇದ್ದವು. ಎಡಕ್ಕೆ ಮೂವತ್ತು ಅಡಿ ಆಳ ಇತ್ತು.

ಅವರು ಹಾರಿ ಇಳಿದರು. ಹಿಂದೆ ಜನರೇಟರಿನ ಕಡೆಗೆ ಓಡಲಿಲ್ಲ. ಸುತ್ತು ಹಾಕಿ ನನ್ನ ಬದಿಗೆ ಬಂದು, ಬಾಗಿಲು ತೆಗೆದು, ನನ್ನ ಎರಡೂ ಪಾದ ನೋಡಿದರು. ಆಮೇಲೆ ಹಿಂದೆ ಹೋಗಿ ಆ ಬಳೆಯ ಮೇಲೆ ಅಂಗೈ ಇಟ್ಟರು.

“ತಿರ್ಗಿತ್ ಕಾಣಿ ಮೈಕ್‌ನವ್ರೆ! ಹ್ಯಾಂಗ್ ತಿರ್ಗಿತ್!” ಎಂದರು. ಅವರ ಕಣ್ಣಿನಲ್ಲಿ ನೀರು ಇತ್ತು.

ಮೇಲಿನ ಊರಿನವರು ಟ್ರ್ಯಾಕ್ಟರ್ ತರುವವರೆಗೆ ಇಬ್ಬರೂ ಒಂದು ಗೇರುಮರದ ಕೆಳಗೆ ಕೂತೆವು. ಅವರು ಅವಲಕ್ಕಿ ಡಬ್ಬ ತೆಗೆದು ನನಗೆ ಅರ್ಧ ಕೊಟ್ಟರು. ಈಗ ಹೇಳಬೇಕು ಎಂದುಕೊಂಡೆ. ನೆಲ ನೋಡುತ್ತಾ, “ಅವತ್ತ್ ಸರ್ಪಳಿ ನಾನ್ ಸಿಕ್ಸಿರ್ಲಿಲ್ಲೆ ಹ್ವಾಯ್,” ಎಂದೆ.

“ಎಂತ?” ಎಂದು ಕಿವಿ ಈ ಕಡೆ ತಂದರು.

ಅಂಥದ್ದನ್ನು ಕೂಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಮುಖ ಎತ್ತಿ ತುಟಿ ತೋರಿಸಿ ನಿಧಾನವಾಗಿ ಹೇಳಬಹುದಿತ್ತು, ಗುಲಾಬಿ ಹೇಳುವ ಹಾಗೆ. ಅದೂ ಆಗಲಿಲ್ಲ.

“ಎಂತ ಇಲ್ಲೆ. ಅವಲಕ್ಕಿ ಲಾಯ್ಕ್ ಇತ್ತ್,” ಎಂದೆ.

“ಬೆಲ್ಲ ಒಂಚೂರ್ ಜಾಸ್ತಿ ಆಯ್ತ್,” ಎಂದರು.

ಆ ಮೇಲೆ ಎರಡು ವರ್ಷ ಕಳೆಯುವಷ್ಟರಲ್ಲಿ ಒಳಗಿನ ಊರಿನವರೂ ಮದುವೆಗೆ ಛತ್ರ ಹುಡುಕಿ ರಸ್ತೆಯ ಕಡೆಗೆ ಬರತೊಡಗಿದರು. ನನ್ನ ಕಾಲೂ ಏಣಿ ಹತ್ತಿ ಸ್ಪೀಕರ್ ಕಟ್ಟುವುದಕ್ಕೆ ಆಗುತ್ತಿರಲಿಲ್ಲ. ಮೈಕ್ ಸೆಟ್ ಬಿಟ್ಟು ಸಣ್ಣ ಎಲೆಕ್ಟ್ರಿಕಲ್ ಅಂಗಡಿ ಇಟ್ಟೆ. ಕೆಲಸ ಇಲ್ಲದೆ ಭೇಟಿ ಇಲ್ಲ ಎಂಬಂತೆ ಇದ್ದವರು ನಾವು, ಭೇಟಿ ನಿಂತಿತು. ಹೋದ ವರ್ಷ ಬೈಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ಮರವಂತೆಯಲ್ಲಿ ಅವರ ಜೀಪು ಕಂಡಿತು. ಸಮುದ್ರಕ್ಕೆ ಬೆನ್ನು ಹಾಕಿ, ಹೊಳೆಯ ಕಡೆ ಮುಖ ಮಾಡಿ, ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಹಿಂದೆ ಟ್ರೈಲರ್ ಇರಲಿಲ್ಲ, ಸುತ್ತಮುತ್ತ ಯಾವ ಕಾರ್ಯಕ್ರಮವೂ ಇರಲಿಲ್ಲ. ಸುಮ್ಮನೆ ಕೂತಿದ್ದರು. ಕಿಟಕಿಯಿಂದ ಕೈ ಹೊರಗೆ ಹಾಕಿ, “ಹ್ವಾಯ್!” ಎಂದು ಕೂಗಿದೆ. ಕೂಗಿದರೆ ಕೇಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಬಸ್ಸು ಮುಂದೆ ಬಂತು. ಒಂದು ಭಾನುವಾರ ಬಸ್ರೂರಿಗೆ ಹೋಗಿ ಬರಬೇಕು ಎಂದುಕೊಂಡೆ. ಹೋಗಲಿಲ್ಲ.

ಈ ವರ್ಷ ಅವರು ಹೋದ ಸುದ್ದಿ ನನಗೆ ಸಿಕ್ಕಿದ್ದು ಎಲ್ಲ ಮುಗಿದು ವಾರ ಆದ ಮೇಲೆ. ಎರಡು ದಿನ ಕುಂದಾಪುರದ ಆಸ್ಪತ್ರೆಯಲ್ಲಿದ್ದರಂತೆ. ತಂಗಿಯ ಮಗಳು ಬಂದು ಕಾರ್ಯ ಮುಗಿಸಿದಳಂತೆ. ಫೋನ್ ಮಾಡಿದವನು ವೆಲ್ಡಿಂಗ್ ಅಂಗಡಿಯ ಸಂಜೀವಣ್ಣ. ಜೀಪು ಕೊಂಡವರಿಗೆ ಟ್ರೈಲರ್ ಬೇಡ, ಹಿಂದಿನ ಕೊಕ್ಕೆ ಬಳೆ ತೆಗೆದುಕೊಡು ಎಂದಿದ್ದಾರೆ, ಗುಜರಿಗೆ ಹಾಕುವ ಮೊದಲು ನಿಮಗೆ ಒಂದು ಮಾತು ಹೇಳುವ ಅಂತ ಎಂದ. ಅಂಗಡಿ ಮುಚ್ಚಿ ಬಸ್ರೂರಿಗೆ ಹೋದೆ.

ಕೊಂಡಿ ಅವನ ಅಂಗಡಿಯ ನೆಲದ ಮೇಲೆ ಇತ್ತು. ಕೊಳವೆಗೆ ಗ್ರೀಸ್ ಹಚ್ಚಿ ಹಚ್ಚಿ ಮಿರುಗುತ್ತಿತ್ತು. ಕೂತು ಸರಳನ್ನು ತಿರುಗಿಸಿದೆ. ಒಂದು ಬೆರಳಿನಲ್ಲಿ ತಿರುಗಿತು.

“ಎಷ್ಟ್ ಮಾಡಿ ಕೊಟ್ಟೆ ಸಂಜೀವಣ್ಣ ನೀನ್ ಇಂಥದ್ದ್? ಹತ್ತೋ ಹನ್ನೆರ್ಡೋ ತಂದ್ ತೋರ್ಸಿದ್ರ್ ನಂಗೆ,” ಎಂದೆ.

ಅವನು ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿದ. “ಹತ್ತ್ ಹನ್ನೆರ್ಡಾ? ನಾನ್ ಮಾಡಿದ್ದ್ ಇದೊಂದೇ. ನೀವ್ ಆಸ್ಪತ್ರಿಂದ ಬಂದ್ ಒಂದ್ ತಿಂಗ್ಳಿಗೆಲ್ಲ ಮಾಡಿ ಕೊಟ್ಟಿದ್ದೆ. ಹಾಕಿ ಕೊಡ್ಲಾ ಅಂತ ಎಷ್ಟ್ ಸಲ ಕೇಂಡೆ. ‘ಇಲ್ಲೆ, ಮೈಕ್‌ನವ್ರ್ ಇನ್ನೂ ಹೂಂ ಅನ್ಲಿಲ್ಲೆ’ ಅಂಬ್ರ್. ಅಷ್ಟ್ ಸಮಯ ಮಂಚದ ಅಡಿಗೇ ಇತ್ತ್ ಇದ್.”

ಕೊಂಡಿಯನ್ನು ಗೋಣಿಯಲ್ಲಿ ಸುತ್ತಿಸಿಕೊಂಡು ಬಸ್ಸಿನಲ್ಲಿ ಮನೆಗೆ ತಂದೆ. ಜಗಲಿಯ ಮೇಲೆ ಇಟ್ಟೆ. ಗುಲಾಬಿ ಬಂದು ಗೋಣಿ ಸರಿಸಿ ನೋಡಿದಳು. ಸಂಜೀವಣ್ಣ ಹೇಳಿದ್ದನ್ನು ಅವಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ನಂಗೆ ಗೊತ್ತಿತ್ತ್,” ಎಂದಳು. “ಆಮೇಲೆಲ್ಲ ಇದೇ ಒಂದ್ ಕೊಂಡಿ ತತ್ತಿದ್ರ್. ಚೀಲ ಮಾತ್ರ ಬೇರೆ ಬೇರೆ. ಬಳಿ ಮೇಲೆ ಇಲ್ಲಿ ಒಂದ್ ಗೀರ್ ಇತ್ತ್ ಕಾಣಿ. ನೀವ್ ಎಲ್ಲಿ ಕಾಂತ್ರಿ? ನಿಮ್ಮ್ ಕಾಲೇ ಕಾಂತಾ ಕೂಕಂಡಿದ್ರಿ.”

“ಮತ್ತೆ ಎಂತಕೆ ನಂಗೆ ಹೇಳ್ಲಿಲ್ಲೆ ನೀನ್?”

ಅವಳು ಆ ಗೀರಿನ ಮೇಲೆ ಬೆರಳಾಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಹೇಳಿರೆ ನೀವ್ ಹೂಂ ಅಂದ್ ಬಿಡ್ತಿದ್ರಿ.”